ಕಲ್ಲು ಮುಟ್ಟಿದ ಬೆರಳು

ನಮ್ಮ ಬಿರ್ ಸಫ್ರಾದ ದವಾಖಾನೆಗೆ ಡಾಕ್ಟರುಗಳು ಬರುತ್ತಾರೆ, ನಾಲ್ಕು ದಿನ ಧೂಳು ಕುಡಿಯುತ್ತಾರೆ, ರಾಜಧಾನಿ ಟ್ಯೂನಿಸಿಗೆ ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ಒಬ್ಬನಂತೂ ಬೆಳಗ್ಗೆ ಬಂದವನು ಮಧ್ಯಾಹ್ನದ ಬಸ್ಸಿಗೇ ವಾಪಸ್ಸು. ಹೋಗದೆ ಉಳಿದವಳು ನರ್ಸ್ ಬೋರ್ನಿಯಾ ಒಬ್ಬಳೇ. ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಕುಳ್ಳಿ, ದಪ್ಪ ಮಣಿಕಟ್ಟು, ಕಾಲಿಗೆ ಗಂಡಸರ ಚಪ್ಪಲಿ. ಮದುವೆ ಒಂದಾಗಿತ್ತು, ಮೂರು ವರ್ಷಕ್ಕೆ ಮುಗಿಯಿತು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಅವನಿಗೆ ಇಂಜೆಕ್ಷನ್ ಅಂದ್ರೆ ಭಯ ಇತ್ತು."

ಅವಳ ಅಪ್ಪ ಗಣಿಯಲ್ಲಿ ಗೊಬ್ಬರಕ್ಕೆ ಹೋಗುವ ಫಾಸ್ಫೇಟ್ ಕಲ್ಲು ಅಗೆದು ಐವತ್ತೊಂದಕ್ಕೆ ಸತ್ತ. ಕಾಲು ಬಾತು, ಮುಖ ಬಾತು, ಕೊನೆಗೆ ಮೂತ್ರ ನಿಂತು. ಕಂಪನಿಯ ಚೀಟಿಯಲ್ಲಿ ಸಕ್ಕರೆ ಕಾಯಿಲೆ ಎಂದು ಬರೆದಿದ್ದರು. ಆ ಮನುಷ್ಯನಿಗೆ ಗೊತ್ತಿದ್ದ ಸಕ್ಕರೆ ಚಹಾಕ್ಕೆ ಹಾಕಿಕೊಳ್ಳುತ್ತಿದ್ದುದು ಮಾತ್ರ. ನಮ್ಮೂರಲ್ಲಿ ಹಾಗೆ ಸಕ್ಕರೆಯಿಲ್ಲದೆ ಸಕ್ಕರೆ ಕಾಯಿಲೆಯಲ್ಲಿ ಸತ್ತವರ ಗೋರಿಗಳದ್ದೇ ಒಂದು ಓಣಿ ಆಗುತ್ತದೆ. ಎಲ್ಲರೂ ಗಣಿಯವರು, ಕಲ್ಲು ಒಣಗಿಸುವ ಶೆಡ್ಡಿನವರು, ತೊಳೆಯುವ ಕಾರ್ಖಾನೆಯವರು. ಅದನ್ನು ಬಾಯಿಬಿಟ್ಟು ಹೇಳಿದರೆ, "ಸಾಕ್ಷಿ ತನ್ನಿ" ಎನ್ನುತ್ತಿದ್ದರು. ಸಾಕ್ಷಿ ಮಣ್ಣಡಿಯಲ್ಲಿ ಮಲಗಿತ್ತು.

ಹಳೆಯ ಚಳುವಳಿಯಲ್ಲಿ, ಹಳಿ ಮೇಲೆ ಹೆಂಗಸರು ಡೇರೆ ಹಾಕಿ ಕೂತು ಫಾಸ್ಫೇಟಿನ ರೈಲು ನಿಲ್ಲಿಸಿದಾಗ, ಬೋರ್ನಿಯಾ ಆ ಡೇರೆಯಲ್ಲಿದ್ದಳು. ಲಾಠಿ ಬಿದ್ದ ಮೂವತ್ತನಾಲ್ಕು ತಲೆ ಹೊಲಿದಳು. ದವಾಖಾನೆಯ ದಾರ ಮುಗಿದಾಗ ಮದುವೆ ಬಟ್ಟೆಗೆ ಕಸೂತಿ ಹಾಕುವ ರೇಷ್ಮೆ ದಾರ ಕುದಿಸಿ ಹೊಲಿದಳು. ಇವತ್ತಿಗೂ ಕೆಲವು ಬೋಳುತಲೆಗಳ ಮೇಲೆ ಅವಳ ಕಸೂತಿ ಎದ್ದು ಕಾಣುತ್ತದೆ. ಆ ತಪ್ಪಿಗೆ ಉಪ್ಪಿನ ಬಯಲಿನಂಚಿನ ಹಟ್ಟಿಯೊಂದಕ್ಕೆ ಮೂರು ವರ್ಷ ಎತ್ತಿಹಾಕಿದರು. ಹೋದಳು, ಇದ್ದಳು, ಅದೇ ಏಪ್ರನ್ ತೊಟ್ಟು ವಾಪಸ್ಸು ಬಂದಳು.

ಹೋದ ಚಳಿಗಾಲ ಮತ್ತೆ ನಲವತ್ತು ದಿನ ಹಳಿ ಮೇಲೆ ಕೂತು ಒಂದು ಒಪ್ಪಂದ ಕಿತ್ತುಕೊಂಡೆವು. ಒಪ್ಪಂದ ಇಷ್ಟು: ದವಾಖಾನೆಯಲ್ಲಿ ಕೆಲಸಗಾರರ ರಕ್ತ ನೋಡಬೇಕು. ಮೂತ್ರಪಿಂಡ ಕೆಡುತ್ತಿದೆ ಎಂದೂ, ಫಾಸ್ಫೇಟಿನ ಧೂಳಿನಲ್ಲಿ ಬರುವ ಕ್ಯಾಡ್ಮಿಯಂ ಲೋಹ ರಕ್ತದಲ್ಲಿದೆ ಎಂದೂ ಎರಡೂ ಕಂಡರೆ, ಅವನನ್ನು ಅದೇ ಸಂಬಳದ ಮೇಲೆ ಧೂಳಿಲ್ಲದ ಕೆಲಸಕ್ಕೆ ಹಾಕಬೇಕು. ರಕ್ತ ನೋಡುವ ಯಂತ್ರವನ್ನು ಯಾವುದೋ ಯೋಜನೆಯವರು ತಂದುಕೊಟ್ಟರು. ಒಂದು ಇಟ್ಟಿಗೆಯಷ್ಟು ದೊಡ್ಡದು. ಅದರ ಬಾಯಿಗೆ ಕೊಡುವುದು ಬೆಂಕಿಪೆಟ್ಟಿಗೆಯಷ್ಟಗಲದ ಪಾರದರ್ಶಕ ಬಿಲ್ಲೆ. ಬಿಲ್ಲೆಯೊಳಗೆ ಕೂದಲಿಗಿಂತ ಸಣ್ಣ ಕಾಲುವೆಗಳು. ಬೆರಳಿನ ಒಂದೇ ಹನಿ ರಕ್ತ ಬಿಟ್ಟರೆ ಅದು ತಾನೇ ಹರಿದು, ಎರಡು ಕವಲಾಗಿ, ಎಡಗಡೆ ಮೂತ್ರಪಿಂಡದ ಸುದ್ದಿ, ಬಲಗಡೆ ಲೋಹದ ಸುದ್ದಿ ಹೇಳುತ್ತದೆ. ಹನ್ನೆರಡು ನಿಮಿಷದಲ್ಲಿ. ಮೊದಲಾದರೆ ಒಂದು ಸೀಸೆ ರಕ್ತ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ, ಅಲ್ಲಿ ಬಿಸಿಲಿಗೆ ಕೆಟ್ಟು, ಎರಡು ತಿಂಗಳಾದ ಮೇಲೆ "ಮಾದರಿ ಸರಿಯಿಲ್ಲ" ಎಂಬ ಕಾಗದ ಬರುತ್ತಿತ್ತು.

ಯೋಜನೆಯ ಹುಡುಗಿ ಮೂರು ವಾರ ಇದ್ದು ಬೋರ್ನಿಯಾಳಿಗೆ ಕಲಿಸಿದಳು.

"ಚುಚ್ಚೋಕೆ ಮುಂಚೆ ಸೋಪು, ನೀರು ಹಾಕಿ ಕೈ ತೊಳೆಸ್ಬೇಕು ಮೇಡಂ. ಪುಸ್ತಕದ ಮೊದಲ ಪುಟದಲ್ಲೇ ಇದೆ."

"ಆ ಪುಟ ಬರೆದೋನ್ನ ಇಲ್ಲಿಗೆ ಕರ್ಕೊಂಡ್ ಬಾ ತಾಯಿ. ಬೆಳಗ್ಗೆ ಒಂಬತ್ತಕ್ಕೆ ನಲ್ಲಿ ನಿಂತ್ರೆ ಮತ್ತೆ ಬರೋದು ಹೊತ್ತು ಮುಳುಗಿದ್ಮೇಲೆ. ನಾನೇನು ಉಗುಳಿ ತೊಳೆಸ್ಲಾ?"

"ಹಾಗಾದ್ರೆ ಸ್ಪಿರಿಟ್ ಸಾಕು ಬಿಡಿ."

ನೀರು ಎಲ್ಲಿಗೆ ಹೋಗುತ್ತದೆ ಎಂದು ಆ ಹುಡುಗಿ ಕೇಳಲಿಲ್ಲ. ಕಾರ್ಖಾನೆ ಕಲ್ಲು ತೊಳೆಯುತ್ತದೆ. ಕಲ್ಲು ತೊಳೆದು ಉಳಿದರೆ ಮನುಷ್ಯರಿಗೆ.

ಅಂತೂ ವಸಂತದಲ್ಲಿ ಎರಡು ವಾರ ರಕ್ತ ನೋಡಿದರು. ಯಂತ್ರಕ್ಕೆ ಒಂದು ಸಲಕ್ಕೆ ಐದು ಬಿಲ್ಲೆ. ಅದಕ್ಕೇ ಬೋರ್ನಿಯಾ ಐದೈದು ಜನರ ಬೆರಳು ಒಟ್ಟಿಗೆ ಸ್ಪಿರಿಟ್ಟಿನಲ್ಲಿ ಒರೆಸಿ ಜಗಲಿಯ ಬೆಂಚಿನ ಮೇಲೆ ಕೂರಿಸುವಳು. ಒಳಗಿನ ಐದು ಮುಗಿದೊಡನೆ ಹೊರಗಿನ ಐದು. ಅರುವತ್ತೆರಡು ಜನರಿಗೆ ಎರಡು ಸುದ್ದಿಯೂ ಕೆಟ್ಟದಾಗಿಯೇ ಬಂತು. ಅದರಲ್ಲಿ ಅವಳ ತಮ್ಮ ಹಫ್ನಾವಿಯೂ ಒಬ್ಬ. ಹತ್ತೊಂಬತ್ತು ವರ್ಷ ಒಣಗಿಸುವ ಶೆಡ್ಡಿನಲ್ಲಿ ಬೆಂದವನು. ಚಹಾದಂಗಡಿಯ ಇಸ್ಪೀಟು ಮೇಜಿನ ಸರದಾರ, ದೇವರು ದಿಂಡರನ್ನೆಲ್ಲ ಹಾಸ್ಯ ಮಾಡುವ ಬಾಯಿ. ಲೋಹದ ಮಿತಿ ಐದು, ಅವನದು ಒಂಬತ್ತು.

"ನೋಡಕ್ಕ, ಶಾಲೆಯಲ್ಲಿ ಯಾವತ್ತೂ ಹತ್ತಕ್ಕೆ ಒಂಬತ್ತು ಬಂದಿರ್ಲಿಲ್ಲ," ಎಂದ.

ಅವಳು ನಗಲಿಲ್ಲ. ಬೆಳಗ್ಗೆ ಅವನ ಕಣ್ಣುರೆಪ್ಪೆ ಊದಿಕೊಂಡಿರುವುದನ್ನು ಆರು ತಿಂಗಳಿಂದ ನೋಡುತ್ತಿದ್ದಳು. ಅಪ್ಪನಿಗೂ ಶುರುವಾಗಿದ್ದು ಹಾಗೇ. ಈಗ ಶೆಡ್ಡಿನಿಂದ ಹೊರಗೆ ಬಿದ್ದರೆ ಇನ್ನೊಂದಿಷ್ಟು ವರ್ಷ ದಕ್ಕುತ್ತಾನೆ. ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ನೇರ.

ಹೆಸರುಗಳು ಸಮಿತಿಗೆ ಹೋದವು. ಸಮಿತಿಯಲ್ಲಿ ಮೂವರು: ಕಾರ್ಮಿಕ ಕಚೇರಿಯ ಅಧ್ಯಕ್ಷ, ಒಬ್ಬ ಗುಮಾಸ್ತ, ಕಂಪನಿಯ ಡಾಕ್ಟರ್ ಶೆಡ್ಲಿ. ಈ ಶೆಡ್ಲಿ ಕಡಲತೀರದವನು, ಇಸ್ತ್ರಿ ಮುರಿಯದ ಅಂಗಿಯವನು. ಮೊದಲ ಸಭೆಯಲ್ಲೇ ಪುಸ್ತಕದ ಮೊದಲ ಪುಟ ತೆಗೆದು ಮೇಜಿನ ಮೇಲಿಟ್ಟ.

"ಚರ್ಮದ ಮೇಲೆ ಧೂಳಿದ್ದರೆ ಲೋಹದ ಸಂಖ್ಯೆ ಸುಳ್ಳಾಗಿ ಏರುತ್ತದೆ ಎಂದು ತಯಾರಿಸಿದವರೇ ಬರೆದಿದ್ದಾರೆ. ಇವರು ಕೈ ತೊಳೆಯುವ ಅಭ್ಯಾಸ ಇಲ್ಲದ ಜನ. ಕೊಳಕು ಬೆರಳಿನ ಮೇಲೆ ನಿಂತ ಅರುವತ್ತೆರಡು ಕಡತ. ಎಲ್ಲ ರದ್ದು ಮಾಡಬೇಕು."

ಕೈ ತೊಳೆಯುವ ಅಭ್ಯಾಸ ಇಲ್ಲದ ಜನ! ದಿನಕ್ಕೆ ಐದು ಸಲ ನಮಾಜಿಗೆ ಮೊಣಕೈವರೆಗೆ ತೊಳೆದುಕೊಳ್ಳಲು ನೀರು ಹುಡುಕುವ ಊರಿನ ಬಗ್ಗೆ ಈ ಮಾತು. ನಮ್ಮ ನೀರು ಕುಡಿದ ಕಂಪನಿಯ ಡಾಕ್ಟರು ನಮಗೆ ಶುಚಿ ಹೇಳಿಕೊಡುತ್ತಾನೆ. ಬೋರ್ನಿಯಾ ಎದ್ದು ನಿಂತು, "ನಾನು ಒಂದೊಂದು ಬೆರಳನ್ನೂ ಕೈಯಾರೆ ಒರೆಸಿದ್ದೀನಿ. ನಿನ್ನ ಅಂಗಿಗಿಂತ ಚೊಕ್ಕಟ ಇದ್ವು," ಎಂದಳು. ಸಭೆ ಮುಂದಕ್ಕೆ ಹೋಯಿತು. ಮುಂದಿನ ಗುರುವಾರ ತೀರ್ಮಾನ.

ಮಾರನೇ ದಿನ ಮಧ್ಯಾಹ್ನದ ಇಳಿಹೊತ್ತಿನಲ್ಲಿ ಅವಳು ದವಾಖಾನೆಯ ಕಿಟಕಿಯಲ್ಲಿ ನಿಂತು ಶೆಡ್ಲಿಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದಳು. ಜಗಲಿಯಲ್ಲಿ ಔಷಧಿಗೆ ಕಾದಿದ್ದ ಮುದುಕನೊಬ್ಬ ಮಸೀದಿಯ ಬಾಂಗು ಕೇಳಿ ಎದ್ದ. ನಲ್ಲಿ ತಿರುಗಿಸಿದ, ಗಾಳಿ ಬಂತು. ಬೆಂಚಿನ ಪಕ್ಕ ಗೂಡಿನಲ್ಲಿದ್ದ ಕಲ್ಲಿಗೆ ಎರಡೂ ಅಂಗೈ ತಟ್ಟಿ ಮುಖ ಸವರಿಕೊಂಡ, ಕೈಗಳನ್ನು ಒಂದರಮೇಲೊಂದು ಸವರಿಕೊಂಡ. ನೀರಿಲ್ಲದಾಗ ನಮಾಜಿಗೆ ಹೀಗೆ ಶುದ್ಧವಾಗಲು ಅಪ್ಪಣೆಯಿದೆ. ನಮ್ಮೂರ ಪ್ರತಿ ಜಗಲಿಯಲ್ಲೂ ಅಂಥದೊಂದು ಕಲ್ಲು. ಸವೆದು ನುಣುಪಾದದ್ದು, ಹಳೇ ಗಣಿಯಿಂದ ತಂದದ್ದು. ಅದರ ಮೇಲೆ ದಿನಾ ಶೆಡ್ಡಿನ ಚಿಮಣಿಯ ಪುಡಿ ಕೂರುತ್ತದೆ, ಹಿಟ್ಟಿನ ಗಿರಣಿಯಲ್ಲಿ ಕೂತಂತೆ.

ಬೋರ್ನಿಯಾ ಆ ಕಲ್ಲನ್ನೂ ಪಕ್ಕದ ಬೆಂಚನ್ನೂ ನೋಡಿದಳು. ಬೆರಳು ಒರೆಸಿದ್ದು ಅವಳು. ಹನ್ನೆರಡು ನಿಮಿಷ ಬೆಂಚಿನ ಮೇಲೆ ಕೂರಿಸಿದ್ದೂ ಅವಳೇ. ಆ ಹನ್ನೆರಡು ನಿಮಿಷದಲ್ಲಿ ಎಷ್ಟು ಬಾಂಗು, ಎಷ್ಟು ಅಂಗೈ?

ಸ್ಪಿರಿಟ್ಟಿನಲ್ಲಿ ತನ್ನ ಬೆರಳು ಒರೆಸಿ ಚುಚ್ಚಿಕೊಂಡಳು. ಲೋಹ ಎರಡು. ಇನ್ನೊಂದು ಬೆರಳು ಒರೆಸಿ, ಹೋಗಿ ಕಲ್ಲು ಮುಟ್ಟಿ ಬಂದು ಚುಚ್ಚಿಕೊಂಡಳು. ಲೋಹ ಏಳು. ಎಡಗಡೆಯ ಮೂತ್ರಪಿಂಡದ ಸಂಖ್ಯೆ ಎರಡು ಸಲವೂ ಒಂದೇ, ಕದಲಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮುದುಕ ನಮಾಜು ಮುಗಿಸಿ ಬಂದು, "ಏನಮ್ಮ, ಯಾರು ಹೋದ್ರು?" ಎಂದು ಕೇಳಿದ. ಅಷ್ಟು ಕೆಟ್ಟಿತ್ತಂತೆ ಅವಳ ಮುಖ.

ಸಂಘದ ಕಾರ್ಯದರ್ಶಿ ಲಝ್ಹರ್‌ನಿಗೆ ಮೊದಲು ಹೇಳಿದಳು. ಜೈಲು ಕಂಡ ಗಟ್ಟಿ ಆಳು ಅವನು. ಬಾಗಿಲು ಮುಚ್ಚಿ ಬಂದು ಕೂತ.

"ಬೋರ್ನಿಯಾ, ನಿನಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ಬೇಡ. ಬಾಯಿಗೆ ಹೊಲಿಗೆ ಹಾಕ್ಕೋ."

"ಅವನಾಗ್ಲೇ ಕೊಳಕು ಬೆರಳು ಅಂದಿದ್ದಾನೆ."

"ಅನ್ಲಿ. ಸಾಬೀತು ಮಾಡ್ಲಿ."

"ಮಾಡ್ತಾನೆ ಕಣೋ. ಎರಡು ಬಿಲ್ಲೇಲಿ ನಾನು ಮಾಡ್ದೆ, ಅವನಿಗೇನು ಧಾಡಿ? ಅವನು ಮಾಡಿದ ದಿನ ಅರುವತ್ತೆರಡೂ ಒಟ್ಟಿಗೆ ಹೋಯ್ತು ಅಂತ ತಿಳ್ಕೋ. ಅದಕ್ಕೆ ಮುಂಚೆ ನಾನೇ ಹೇಳ್ತೀನಿ. ಕೈ ತೊಳೆಸಿ ಮತ್ತೆ ಚುಚ್ತೀನಿ, ಅವರ ಕಣ್ಣೆದುರಿಗೇ."

"ಎಷ್ಟು ಜನ ಜಾರ್ತಾರೆ?"

"ಗೊತ್ತಿಲ್ಲ."

"ನಿನ್ನ ತಮ್ಮ ಜಾರಿದ್ರೆ?"

"ಅವನೆಲ್ಲಿ ಕಲ್ಲು ಮುಟ್ತಾನೆ? ಅವನು ನಮಾಜು ಮಾಡಿದ್ದು ಸುನ್ನತಿ ದಿನ, ಅದೂ ಹೆದರಿ."

"ಜಾರಿದ್ರೆ ಅಂದೆ."

"ನಿನ್ನ ನಾಲಿಗೆಗೆ ಹರಿಸ್ಸ ಖಾರ ಅರೆದು ಬಳೀತೀನಿ ನೋಡು," ಎಂದಳು. ಲಝ್ಹರ್ ಚಹಾ ಮುಟ್ಟದೆ ಎದ್ದು ಹೋದ.

ಗುರುವಾರ ಬಂತು. ದವಾಖಾನೆಯ ನಲ್ಲಿ ಎಂದಿನಂತೆ ಒಣಗಿತ್ತು. ಬಿಲ್ಲೆಗಳ ಅವಧಿ ಮುಗಿಯಲು ಐದೇ ದಿನ. ಬೋರ್ನಿಯಾ ಸಮಿತಿಯ ಮುಂದೆ ನಿಂತು ಕಲ್ಲಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು. ತಪ್ಪು ತನ್ನದು ಎಂದಳು. ಶೆಡ್ಲಿಯ ಮುಖ ಅರಳಿತು. "ನಾನು ಹೇಳಲಿಲ್ಲವೇ?" ಎಂದು ಪೆನ್ನಿನ ಮುಚ್ಚಳ ತೆಗೆದ.

"ಮುಚ್ಚಳ ಹಾಕಪ್ಪ. ಇನ್ನೂ ಮುಗಿದಿಲ್ಲ," ಎಂದಳು. "ಅಧ್ಯಕ್ಷರೇ, ಇವತ್ತು ನಿಮ್ಮ ಊಟ ಎಲ್ಲಿ?"

"ಕಂಪನಿಯ ಅತಿಥಿಗೃಹದಲ್ಲಿ. ಯಾಕೆ?"

"ಅಲ್ಲಿ ಹುಲ್ಲಿಗೆ ದಿನವಿಡೀ ನೀರು ಬಿಡ್ತಾರೆ. ಕಾರ್ಖಾನೆಗೆ ಹೋಗೋ ಕೊಳವೆಬಾವಿ ನೀರು, ಚೊಕ್ಕಟ ಇರತ್ತೆ. ಈ ಯಂತ್ರ ಇಟ್ಟಿಗೆಯಷ್ಟಿದೆ, ಬಗಲಲ್ಲಿ ಹೊತ್ಕೊಂಡು ಬರ್ತೀನಿ. ಎಲ್ಲಿ ಬೇಕಾದ್ರೂ ಒಯ್ಯಬಹುದು ಅಂತಾನೇ ಅಲ್ವಾ ಕೊಟ್ಟಿರೋದು? ನೀವು ಕುಸ್ಕುಸ್ ತಿನ್ನೋಷ್ಟು ಹೊತ್ತಿಗೆ ಅರ್ಧ ಜನ ಆಗಿರ್ತಾರೆ."

ಶೆಡ್ಲಿ ನಿಯಮ ಹುಡುಕಿದ. ಇರಲಿಲ್ಲ. ಬೇಡವೆಂದರೆ ಮತ್ತೆ ಹಳಿ ಮೇಲೆ ಡೇರೆ ಬೀಳುತ್ತದೆ ಎನ್ನುವುದು ಅಧ್ಯಕ್ಷನಿಗೆ ಗೊತ್ತಿತ್ತು. "ಸರಿ," ಎಂದ.

ಅವತ್ತಿನ ಮೆರವಣಿಗೆಗೆ ಘೋಷಣೆ ಇರಲಿಲ್ಲ, ಬಾವುಟ ಇರಲಿಲ್ಲ. ಅರುವತ್ತೆರಡು ಗಂಡಸರು, ಕೈಯಲ್ಲೊಂದೊಂದು ಹಸಿರು ಸೋಪು. ಅತಿಥಿಗೃಹದ ಗೇಟು ತೆಗೆದ ಕಾವಲುಗಾರ ನಮ್ಮವನೇ, ಮುಖ ಆ ಕಡೆ ತಿರುಗಿಸಿ ತೆಗೆದ. ಒಳಗೆ ಹುಲ್ಲು ಹಸಿರಾಗಿ, ಒದ್ದೆಯಾಗಿ ಬಿದ್ದಿತ್ತು. ನಮ್ಮ ಮಕ್ಕಳು ಚಿತ್ರದಲ್ಲಿ ಬರೆಯುವಂಥ ಹುಲ್ಲು. ಒಬ್ಬ ಚಪ್ಪಲಿ ಬಿಚ್ಚಿ ಕಾಲಿಟ್ಟು, "ಥೂ, ಮುಂದಿನ ಜನ್ಮ ಅಂತ ಇದ್ರೆ ಕಂಪನಿ ಹುಲ್ಲಾಗಿ ಹುಟ್ಬೇಕು," ಎಂದ.

"ಜನ್ಮಗಿನ್ಮ ಎಲ್ಲ ಇಲ್ಲ ಕಣೋ ನಮ್ಮಲ್ಲಿ."

"ಗೊತ್ತು. ಹುಲ್ಲು ನೋಡಿ ಧರ್ಮವೇ ಮರೆತೋಯ್ತು."

ಬೋರ್ನಿಯಾ ಮೊದಲು ತಾನು ತೊಳೆದುಕೊಂಡು ಚುಚ್ಚಿಕೊಂಡಳು. ಎರಡು. ನೀರು ಸರಿಯಿದೆ ಎಂದು ಸಮಿತಿಗೆ ತೋರಿಸಿದಳು. ಆಮೇಲೆ ಶುರು. ಈ ಸಲ ಒರೆಸಿ ಕೂರಿಸುವುದಿಲ್ಲ. ತೊಳೆದ ಕೈ ಮೇಲಕ್ಕೆತ್ತಿಕೊಂಡು ಬರಬೇಕು, ಏನನ್ನೂ ಮುಟ್ಟಬಾರದು, ಗಡ್ಡ ಕೆರೆಯಬಾರದು, ತಕ್ಷಣ ಚುಚ್ಚಿಸಿಕೊಳ್ಳಬೇಕು. ಗಂಡಸರು ಎರಡೂ ಕೈ ಎತ್ತಿ ಶರಣಾದವರಂತೆ ಸಾಲುಗಟ್ಟಿ ನಡೆದರು. ಅದನ್ನು ನೋಡಿ ನಮ್ಮ ಕೆಲವರಿಗೆ ಲಾಠಿ ಬಿದ್ದ ಆ ಹಳೆಯ ಚಳುವಳಿಯ ವರ್ಷ ನೆನಪಾಯಿತು.

ಗುಮಾಸ್ತ ಬರೆದುಕೊಂಡ. ಮೂತ್ರಪಿಂಡದ ಸಂಖ್ಯೆ ಅರುವತ್ತೆರಡು ಜನರದ್ದೂ ಹಿಂದಿನಂತೆಯೇ ಕೆಟ್ಟದು. ಒಬ್ಬನದೂ ಕದಲಿಲ್ಲ. ಲೋಹ ನಲವತ್ತೊಂದು ಜನರಿಗೆ ಮಿತಿ ಮೀರಿಯೇ ಇತ್ತು. ಒಬ್ಬನಿಗೆ ಹನ್ನೊಂದು. ಇಪ್ಪತ್ತೊಂದು ಜನರದ್ದು ಐದರೊಳಗೆ ಇಳಿಯಿತು.

ಹಫ್ನಾವಿಯ ಸರದಿ ಕೊನೆಯ ಗುಂಪಿನಲ್ಲಿ. ಬಿಲ್ಲೆ ಒಳಗೆ ಹೋಯಿತು. ಹನ್ನೆರಡು ನಿಮಿಷ ಆಯಿತು. ಅಕ್ಕನೇ ಸಂಖ್ಯೆ ಓದಿದಳು, ಎಲ್ಲರಿಗೂ ಓದಿದ ದನಿಯಲ್ಲೇ.

"ಹಫ್ನಾವಿ. ಮೂತ್ರಪಿಂಡ, ಕೆಟ್ಟದು. ಲೋಹ, ನಾಲ್ಕು ಪಾಯಿಂಟ್ ಎಂಟು."

ಲಝ್ಹರ್ ಅವನ ಕಡೆ ತಿರುಗಿದ. "ಏನೋ ಲೇ, ನೀನು ಕಲ್ಲು ಮುಟ್ಟೋನಾ? ಯಾವಾಗಿಂದ?"

"ಕಣ್ಣು ಊದೋಕೆ ಶುರುವಾದಾಗಿಂದ," ಎಂದ ಹಫ್ನಾವಿ. "ಇಸ್ಪೀಟು ಮೇಜಿನಲ್ಲಿ ಹೇಳ್ಬೇಡ್ರೋ, ಮಾನ ಹೋಗತ್ತೆ."

ಬೋರ್ನಿಯಾ ಅವನನ್ನೇ ನೋಡಿ, "ನನಗಾದ್ರೂ ಹೇಳ್ಬಾರ್ದಿತ್ತೇನೋ ಕತ್ತೆ," ಎಂದಳು.

ಶೆಡ್ಲಿಗೆ ಅರ್ಧ ಸೋತದ್ದರ ಸಿಟ್ಟು. ಉಳಿದರ್ಧವನ್ನಾದರೂ ಗಟ್ಟಿ ಹಿಡಿದ. ನಲವತ್ತೊಂದು ಜನ ಶೆಡ್ಡಿನಿಂದ ಹೊರಗೆ, ಅದು ಒಪ್ಪಂದ, ಒಪ್ಪಿದ್ದಾಯಿತು. ಉಳಿದವರ ಮೂತ್ರಪಿಂಡ ಕೆಟ್ಟದ್ದು ಸಕ್ಕರೆಯಿಂದಲೋ, ರಕ್ತದೊತ್ತಡದಿಂದಲೋ, ಸಿಕ್ಕಸಿಕ್ಕ ನೋವಿನ ಮಾತ್ರೆ ನುಂಗಿಯೋ ಇರಬಹುದು. ಎರಡೂ ಬೇಕು ಎಂದು ನೀವೇ ಸಹಿ ಹಾಕಿದ್ದೀರಿ, ಎಂದ. ಹಾಗಾಗಿ ಇಪ್ಪತ್ತೊಂದು ಫಾರಮಿನಲ್ಲಿ "ಶೆಡ್ಡಿನ ಕೆಲಸಕ್ಕೆ ಯೋಗ್ಯ" ಎಂದು ಟೈಪ್ ಮಾಡಿಸಿ ಬೋರ್ನಿಯಾಳ ಮುಂದೆ ಇಟ್ಟ. ರಕ್ತ ನೋಡಿದ ನರ್ಸ್ ಕೆಳಗೆ ಸಹಿ ಹಾಕಬೇಕು.

ಅವಳು ನಲವತ್ತೊಂದಕ್ಕೂ ಸಹಿ ಹಾಕಿದಳು. ಇಪ್ಪತ್ತೊಂದನ್ನು ಒಂದೊಂದಾಗಿ ಓದಿದಳು. ತಮ್ಮನದು ಬಂದಾಗ ನಿಲ್ಲಲಿಲ್ಲ, ಅದನ್ನೂ ಓದಿ ಕೆಳಗಿಟ್ಟಳು.

"ಸಂಖ್ಯೆ ಎಲ್ಲ ಸರಿಯಾಗಿದೆ. ಸಂಖ್ಯೆಗೆ ಬೇಕಾದ್ರೆ ಸಹಿ ಹಾಕ್ತೀನಿ. 'ಯೋಗ್ಯ' ಅನ್ನೋದಕ್ಕೆ ಹಾಕಲ್ಲ."

"ಸಂಖ್ಯೆಯಿಂದಲೇ ಬಂದದ್ದಲ್ಲವೇ ಅದು?"

"ಯಾವ ಸಂಖ್ಯೆಯಿಂದ? ಬಿಲ್ಲೆ ಎರಡು ಮಾತು ಹೇಳಿದೆ. ಮೂತ್ರಪಿಂಡ ಕೆಟ್ಟಿದೆ ಅಂತ ಹೇಳಿದ್ದೂ ಅದೇ ಬಿಲ್ಲೆ. ಕೆಟ್ಟ ಮೂತ್ರಪಿಂಡದೋನು ಆ ಧೂಳು ಕುಡಿಯೋಕೆ ಯೋಗ್ಯ ಅಂತ ಯಾವ ಪುಟದಲ್ಲಿದೆ, ತೋರ್ಸು ಡಾಕ್ಟ್ರೇ. ಮೊದಲ ಪುಟ ಆದ್ಮೇಲೆ ಪುಸ್ತಕ ಓದೇ ಇಲ್ವಾ ನೀನು?"

"ನಿಮ್ಮ ತಮ್ಮ ಅದರಲ್ಲಿದ್ದಾನೆ ಅಂತ..."

"ನನ್ನ ತಮ್ಮನ ಸಂಖ್ಯೆ ಓದಿದ್ದು ನಾನೇ. ಐದು ಪಾಯಿಂಟ್ ಎರಡು ಅಂತ ಓದಿದ್ರೆ ಇಲ್ಲಿ ಯಾರಿಗೆ ಗೊತ್ತಾಗ್ತಿತ್ತು? ನಿನ್ನ ಗುಮಾಸ್ತ ಆಗ ಪರದೆ ಕಡೆ ನೋಡ್ತಾ ಇರ್ಲಿಲ್ಲ, ಕುರಿಮಾಂಸದ ತಟ್ಟೆ ಕಡೆ ನೋಡ್ತಿದ್ದ. ಹಂಗೆ ಓದೋಳಾಗಿದ್ರೆ ಈ ಹುಲ್ಲಿನವರೆಗೆ ಯಾಕೆ ಬರ್ತಿದ್ದೆ?"

ಗುಮಾಸ್ತ ಬಾಯಿ ಒರೆಸಿಕೊಂಡ. ಅವನನ್ನೇ ಕೇಳಿದಳು: "ನಾನು ಸಹಿ ಹಾಕದಿದ್ರೆ ಏನಾಗತ್ತಪ್ಪ?"

ಅವನು ಅಧ್ಯಕ್ಷನ ಮುಖ ನೋಡಿ, ಒಪ್ಪಂದ ತಿರುವಿ, ಸಣ್ಣ ದನಿಯಲ್ಲಿ ಹೇಳಿದ: "ಕಡತ ಮುಚ್ಚಲ್ಲ. ಮುಚ್ಚೋವರೆಗೂ ಆ ಮನುಷ್ಯನ್ನ ಶೆಡ್ಡಿಗೆ ಕಳ್ಸೋ ಹಾಗಿಲ್ಲ. ಹೊರಗಡೆ ಕೆಲಸ ಕೊಡ್ಬೇಕು."

ಇದನ್ನು ಒಪ್ಪಂದಕ್ಕೆ ಸೇರಿಸಿದ್ದು ಕಂಪನಿಯ ವಕೀಲನೇ. ಶೆಡ್ಡಿನಲ್ಲಿದ್ದಾಗಲೇ ಯಾರಾದರೂ ಕುಸಿದರೆ ಮೊಕದ್ದಮೆ ಬೀಳದಿರಲಿ ಎಂದು. ಶೆಡ್ಲಿ ಆ ಸಾಲನ್ನು ಎರಡು ಸಲ ಓದಿದ. ಬೋರ್ನಿಯಾ ಪೆನ್ನು ಜೇಬಿಗೆ ಸಿಕ್ಕಿಸಿ, ಯಂತ್ರ ಬಗಲಿಗೇರಿಸಿ ಹೊರಟಳು. ಹೊರಡುವಾಗ ಹುಲ್ಲಿನ ಪೈಪು ನಿಲ್ಲಿಸಿ ಹೋದಳು. ಮಾಲಿ ಮತ್ತೆ ತಿರುಗಿಸಿದ, ಪಾಪ, ಅವನ ಕೆಲಸ.

ಏಳು ತಿಂಗಳಾಯಿತು. ಇಪ್ಪತ್ತೊಂದು ಕಡತ ತೆರೆದೇ ಇವೆ. ಹಫ್ನಾವಿ ಪಂಪ್‌ಹೌಸಿನಲ್ಲಿ ಮೀಟರು ನೋಡುತ್ತಾನೆ. ಯಾವ ಹೊತ್ತಿಗೆ ಯಾರ ನೀರು ಯಾವ ಕಡೆ ತಿರುಗುತ್ತದೆ ಎಂದು ಈಗ ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಅದನ್ನೆಲ್ಲ ನಮಗೆ ಬರೆದುಕೊಡುತ್ತಿದ್ದಾನೆ, ಮುಂದಿನ ಚಳಿಗಾಲಕ್ಕೆ ಬೇಕಾಗುತ್ತದೆ. ರೆಪ್ಪೆಯ ಊತ ಇಳಿದಿಲ್ಲ, ಹೆಚ್ಚೂ ಆಗಿಲ್ಲ. ಹಾಳಾಗುವುದು ನಿಂತಿದೆಯೋ ಇಲ್ಲವೋ ನೋಡಲು ಬಿಲ್ಲೆ ಬೇಕು. ಉಳಿದ ಐದು ಬಿಲ್ಲೆ ಅವಧಿ ಮುಗಿದು ಕಸವಾದವು. ಯೋಜನೆ ಮುಗಿದಿದೆ, ಯೋಜನೆಯವರು ಬೇರೆ ದೇಶದ ಬೇರೆ ಊರಲ್ಲಿದ್ದಾರೆ. ನಮ್ಮೂರಿನ ಅರುವತ್ತೆರಡು ಹನಿ ರಕ್ತದ ಮೇಲೆ ಒಂದು ವರದಿ ಬಂದಿದೆಯಂತೆ. ಅದರಲ್ಲಿ ಯಂತ್ರ ಚೆನ್ನಾಗಿ ಕೆಲಸ ಮಾಡಿದೆ ಎಂದು ಬರೆದಿದ್ದಾರಂತೆ. ರಕ್ತ ಯಾರದು, ಅವರು ಬದುಕಿದ್ದಾರೋ ಸತ್ತರೋ ಎಂದು ಬರೆಯಲು ಜಾಗ ಸಾಲಲಿಲ್ಲವೇನೋ.

ಬೋರ್ನಿಯಾಳಿಗೆ ಮೂರು ನೋಟೀಸು ಬಂದಿವೆ. ಮೂರನೆಯದರಲ್ಲಿ, ಸಹಿ ಹಾಕದಿದ್ದರೆ ಮತ್ತೆ ಉಪ್ಪಿನ ಬಯಲಿಗೆ ವರ್ಗ ಎಂದಿದೆ. ಅದಕ್ಕೆ ಅವಳು ಬರೆದ ಉತ್ತರ ಒಂದೇ ಸಾಲು, ಪ್ರತಿ ನಮ್ಮ ಬಳಿ ಇದೆ: "ಆ ಇಪ್ಪತ್ತೊಂದು ಜನರನ್ನು ಮತ್ತೆ ಪರೀಕ್ಷಿಸಲು ಬಿಲ್ಲೆ ಕಳಿಸಿ, ಜೊತೆಗೆ ದವಾಖಾನೆಯ ನಲ್ಲಿಗೆ ನೀರು ಬಿಡಿ, ಆಮೇಲೆ ಬಂದು ಸಹಿ ಕೇಳಿ."